ತ್ರೀಡಿ ಮಾಡೆಲಿಂಗ್ ಆ್ಯಪ್‌ಗೆ ಯಾವ ಬೆರಳಿಗೆ ಯಾವ ಕೆಲಸ? ಐದು ದಾರಿಗಳ ಹೋಲಿಕೆ

ಟ್ಯಾಬ್ ಮೇಲೆ ನಡೆಯುವ ಸಣ್ಣ ತ್ರೀಡಿ ಮಾಡೆಲಿಂಗ್ ಆ್ಯಪ್ ಕಟ್ಟಲು ಹೊರಟವರು ಶುರುವಿನಲ್ಲೇ ಒಂದು ಕಡೆ ಸಿಕ್ಕಿಕೊಳ್ಳುತ್ತಾರೆ. ಒಂದು ಬೆರಳು ಎಳೆದರೆ ನೋಟ ತಿರುಗಬೇಕಾ, ವಸ್ತು ಸರಿಯಬೇಕಾ? ಎರಡು ಬೆರಳಿಗೆ ಏನು ಕೊಡಬೇಕು? ಮೂರು ಬೆರಳು ಬೇಕಾ, ಬೇಡವಾ? ದಾವಣಗೆರೆ, ಚಿತ್ರದುರ್ಗದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುವವರು ಕೇಳುವುದು ಇದನ್ನೇ. ಫರ್ನಿಚರ್ ಅಂಗಡಿಗೆ, ಇಂಟೀರಿಯರ್ ಕೆಲಸದವರಿಗೆ ಆ್ಯಪ್ ಮಾಡಿಕೊಡಲು ಹೊರಟ ನಮ್ಮ ಊರಿನ ಹುಡುಗರೂ ಇದನ್ನೇ ಕೇಳುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನೋಡುವ ಸನ್ನೆ ಬೇರೆ, ಬದಲಿಸುವ ಸನ್ನೆ ಬೇರೆ ಇರಬೇಕು. ಇವೆರಡೂ ಎಲ್ಲಿ ಬೆರೆಯುತ್ತವೋ ಅಲ್ಲಿ ಆ್ಯಪ್ ಕೆಡುತ್ತದೆ. ಮುಂದೆ ಹೇಳುವ ಐದೂ ದಾರಿಗಳು ಈ ಎರಡನ್ನು ಹೇಗೆ ಬೇರೆ ಮಾಡುತ್ತವೆ ಎನ್ನುವುದರಲ್ಲೇ ಅವುಗಳ ಗುಣ, ದೋಷ ಎರಡೂ ಇವೆ.

ಯಾವ ಮಾಡೆಲ್ ಇಟ್ಟು ಅಳೆಯಬೇಕು

ಸುಮ್ನೆ ಒಂದು ಘನ ಇಟ್ಟುಕೊಂಡು ಸನ್ನೆ ಪರೀಕ್ಷೆ ಮಾಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಬದಲಿಗೆ ಮೂರು ಮಾಡೆಲ್ ಇಟ್ಟುಕೊಳ್ಳಿ.

ಮೊದಲನೆಯದು ಅಡುಗೆಮನೆಯ ಕಪಾಟು. 18 ಎಂಎಂ ಪ್ಲೈವುಡ್, ನೇರ ಅಂಚು, ಎಲ್ಲ ಅಳತೆಯೂ ಪಕ್ಕಾ. ಎರಡನೆಯದು ಹರಿಹರದ ಹರಿಹರೇಶ್ವರ ದೇವಸ್ಥಾನದ ಕಂಬ. ಹೊಯ್ಸಳ ಎರಡನೇ ನರಸಿಂಹನ ಕಾಲದಲ್ಲಿ, 1224ರ ಸುಮಾರಿಗೆ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಅದು. ಅಲ್ಲಿನ ದುಂಡು ಕಂಬಗಳನ್ನು ಮಾಡೆಲ್ ಮಾಡಲು ಅರ್ಧ ಪಕ್ಕದ ಗೆರೆಯೊಂದನ್ನು ಬರೆದು ಅದನ್ನು ಒಂದು ಅಕ್ಷದ ಸುತ್ತ ಸುತ್ತಿಸಿದರೆ ಸಾಕು. ಅಂದರೆ ಇಲ್ಲಿ ಬೇಕಾದದ್ದು ಚೆನ್ನಾಗಿ ಗೆರೆ ಬರೆಯುವ ದಾರಿ. ಮೂರನೆಯದು ಚಿತ್ರದುರ್ಗದ ಕೋಟೆಯ ಬಂಡೆ. ಅದಕ್ಕೆ ಅಳತೆಯೂ ಇಲ್ಲ, ನೇರ ಗೆರೆಯೂ ಇಲ್ಲ. ಹಸಿ ಮಣ್ಣನ್ನು ಒತ್ತಿ, ಎಳೆದು, ಸವರಿದ ಹಾಗೆ ಆಕಾರ ತರಬೇಕು.

ನಿಮ್ಮ ಆ್ಯಪ್ ಈ ಮೂರರಲ್ಲಿ ಯಾವುದಕ್ಕೆ ಹತ್ತಿರ ಎಂದು ಗೊತ್ತಾದರೆ ಅರ್ಧ ಉತ್ತರ ಸಿಕ್ಕ ಹಾಗೆಯೇ. ಮೂರಕ್ಕೂ ಒಂದೇ ಸನ್ನೆ ಸಾಕು ಎಂದು ಹೊರಟವರ ಆ್ಯಪ್‌ನಲ್ಲಿ ಸಾಮಾನ್ಯವಾಗಿ ಯಾವ ಕೆಲಸವೂ ಸಲೀಸಾಗಿ ಆಗುವುದಿಲ್ಲ.

ಅಳೆಯುವ ಮಾನದಂಡ

ಎಲ್ಲಕ್ಕಿಂತ ಜಾಸ್ತಿ ತೂಕ ನಾನು ಕೊಡುವುದು ತಪ್ಪಿನ ಬೆಲೆಗೆ. ನೋಟ ತಪ್ಪಾಗಿ ತಿರುಗಿದರೆ ಏನೂ ನಷ್ಟವಿಲ್ಲ, ಮತ್ತೆ ತಿರುಗಿಸಿದರಾಯಿತು. ಆದರೆ ನೋಟ ತಿರುಗಿಸಲು ಹೋಗಿ ಕಪಾಟಿನ ಹಲಗೆ 4 ಎಂಎಂ ಸರಿದುಬಿಟ್ಟರೆ? ಕಣ್ಣಿಗೆ ಕಾಣುವುದಿಲ್ಲ. ಪ್ಲೈವುಡ್ ಕತ್ತರಿಸಿದ ಮೇಲೆ ಗೊತ್ತಾಗುತ್ತದೆ. ಹಾಗಾಗಿ ಯಾವ ಸನ್ನೆಯಲ್ಲಿ ಗೊತ್ತಿಲ್ಲದೆ ಮಾಡೆಲ್ ಬದಲಾಗುವ ಸಾಧ್ಯತೆ ಇದೆಯೋ ಅದಕ್ಕೆ ಕಡಿಮೆ ಅಂಕ ಕೊಡಿ.

ಎರಡನೆಯದು ನಿಖರತೆ. ಬೆರಳು ದಪ್ಪ. ಮುಟ್ಟಿದ ಜಾಗವನ್ನೇ ಅದು ಮುಚ್ಚಿಬಿಡುತ್ತದೆ. ಮುಟ್ಟುವ ಗುರಿ ಕನಿಷ್ಠ 48 ಡಿಪಿ (ಪರದೆ ಯಾವುದಾದರೂ ಹೆಚ್ಚುಕಡಿಮೆ ಒಂದೇ ಗಾತ್ರ ಕೊಡುವ ಆಂಡ್ರಾಯ್ಡ್ ಅಳತೆ), ಅಂದರೆ ಸುಮಾರು 9 ಎಂಎಂ ಇರಲಿ ಎಂದು ಆಂಡ್ರಾಯ್ಡ್‌ನ ವಿನ್ಯಾಸ ಸೂತ್ರಗಳು ಹೇಳುವುದು ಇದಕ್ಕೇ. ಒಂದು ಮೂಲೆಯ ಬಿಂದುವನ್ನೋ ಒಂದು ಅಂಚನ್ನೋ ಹಿಡಿಯಬೇಕಾದ ಮಾಡೆಲಿಂಗ್‌ನಲ್ಲಿ 9 ಎಂಎಂ ಬಹಳ ದೊಡ್ಡ ಜಾಗ.

ಮೂರನೆಯದು, ಒಂದೇ ಕೈಯಲ್ಲಿ ಆಗುತ್ತಾ? ಮೇಜಿನ ಮುಂದೆ ಕೂತವರಿಗೆ ಎರಡೂ ಕೈ ಬಿಡುವು. ಸೈಟ್‌ನಲ್ಲಿ ನಿಂತ ಬಡಗಿಗೆ ಒಂದು ಕೈಯಲ್ಲಿ ಟ್ಯಾಬ್ ಇರುತ್ತದೆ. ಇನ್ನೊಂದರಲ್ಲಿ ಆಗಾಗ ಟೇಪು, ಬೆರಳಿಗೆ ಅಂಟು, ಮರದ ಪುಡಿ. ಅಂಥವರಿಗೆ ಮೂರು ಬೆರಳಿನ ಸನ್ನೆ ಕೊಟ್ಟರೆ ಉಪಯೋಗ ಇಲ್ಲ.

ನಾಲ್ಕನೆಯದು, ಹೇಳಿಕೊಡದೆ ಗೊತ್ತಾಗುತ್ತಾ? ಇದರ ಬಗ್ಗೆ 2009ರಲ್ಲಿ ವಾಬ್‌ಬ್ರಾಕ್, ಮೋರಿಸ್, ವಿಲ್ಸನ್ ಎಂಬ ಸಂಶೋಧಕರು ಮಾಡಿದ ಒಂದು ಒಳ್ಳೆಯ ಅಧ್ಯಯನ ಇದೆ. ತಂತ್ರಜ್ಞಾನದ ಹಿನ್ನೆಲೆ ಇಲ್ಲದ 20 ಜನರಿಗೆ 27 ಕೆಲಸಗಳ ಫಲಿತಾಂಶವನ್ನು ತೋರಿಸಿ, ಇದಕ್ಕೆ ನೀವಾದರೆ ಯಾವ ಸನ್ನೆ ಮಾಡುತ್ತಿದ್ದಿರಿ ಎಂದು ಕೇಳಿದರು. 1080 ಸನ್ನೆಗಳು ಸಿಕ್ಕವು. ಅದರಿಂದ ತಿಳಿದ ಎರಡು ವಿಷಯ ನಮಗೆ ಮುಖ್ಯ. ಎಷ್ಟು ಬೆರಳು ಇಟ್ಟೆವು ಎನ್ನುವುದನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಮತ್ತು ಎರಡು ಕೈಗಿಂತ ಒಂದು ಕೈಯೇ ಅವರಿಗೆ ಇಷ್ಟ. ಎರಡು ಬೆರಳಾದರೆ ಸರಿಸು, ಮೂರಾದರೆ ತಿರುಗಿಸು, ನಾಲ್ಕಾದರೆ ಕತ್ತರಿಸು ಎಂದು ಪಟ್ಟಿ ಮಾಡುವವರು ಇದನ್ನು ಒಮ್ಮೆ ಯೋಚಿಸಬೇಕು.

ಐದನೆಯದು, ಟ್ಯಾಬ್‌ನ ಸ್ವಂತ ಸನ್ನೆಗಳ ಜೊತೆ ಜಗಳ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಮೂರು ಬೆರಳು ಕೆಳಗೆ ಎಳೆದರೆ ಸ್ಕ್ರೀನ್‌ಶಾಟ್ ಬರುತ್ತದೆ. ಐಪ್ಯಾಡ್‌ನಲ್ಲಿ ಮೂರು ಬೆರಳಿಗೆ ಅನ್‌ಡೂ (ಮಾಡಿದ್ದನ್ನು ರದ್ದು ಮಾಡುವುದು), ಕಾಪಿ, ಪೇಸ್ಟ್ ಮೊದಲೇ ಇವೆ. ನಾಲ್ಕೈದು ಬೆರಳು ಚಿವುಟಿದರೆ ಆ್ಯಪ್‌ನಿಂದಲೇ ಆಚೆ ಹೋಗುತ್ತೀರಿ. ಆಂಡ್ರಾಯ್ಡ್ 10 ಬಂದ ಮೇಲೆ ಪರದೆಯ ಎಡ-ಬಲ ಅಂಚಿನಿಂದ ಒಳಗೆ ಎಳೆದರೆ ಹಿಂದಕ್ಕೆ ಹೋಗುವ ಸನ್ನೆಯೂ ಇದೆ.

ಕೊನೆಯದು ಖರ್ಚು. ಬಳಸುವವರು ಕೊಳ್ಳಬೇಕಾದ ಸಾಮಾನು ಒಂದು ಕಡೆ, ನೀವು ಬರೆಯಬೇಕಾದ ಕೋಡ್ ಇನ್ನೊಂದು ಕಡೆ.

ಯಾಕೆ ಇಷ್ಟು ಕಷ್ಟ

ಒಂದು ವಸ್ತುವನ್ನು ಮೂರು ದಿಕ್ಕಿಗೆ ಸರಿಸಬಹುದು, ಮೂರು ಅಕ್ಷದ ಸುತ್ತ ತಿರುಗಿಸಬಹುದು. ಒಟ್ಟು ಆರು ಬಗೆಯ ಚಲನೆ. ಗಾಜಿನ ಮೇಲೆ ಒಂದು ಬೆರಳು ಕೊಡುವುದು ಎರಡೇ ಅಂಕಿ: ಎಡ-ಬಲ ಎಷ್ಟು, ಮೇಲೆ-ಕೆಳಗೆ ಎಷ್ಟು. ಎರಡು ಬೆರಳು ಕೊಡುವುದು ನಾಲ್ಕು. ಆರು ಬೇಕೆಂದರೆ ಮೂರು ಬೆರಳು ಬೇಕು. ಲೆಕ್ಕ ಸರಿಯಾಗಿಯೇ ಇದೆ, ಆದರೆ ಕೈಗೆ ಆ ಲೆಕ್ಕ ಗೊತ್ತಿಲ್ಲ ಅಲ್ವಾ? ಈ ಕೊರತೆಯನ್ನು ಹೇಗೆ ತುಂಬುವುದು ಎನ್ನುವುದಕ್ಕೇ ಬೇರೆ ಬೇರೆ ದಾರಿಗಳು ಹುಟ್ಟಿಕೊಂಡಿವೆ.

ಒಂದು ವಿಷಯದಲ್ಲಿ ಮಾತ್ರ ಚರ್ಚೆ ಬೇಡ. ಎರಡು ಬೆರಳು ಅಗಲಿಸಿದರೆ ಝೂಮ್, ಎರಡು ಬೆರಳು ಒಟ್ಟಿಗೆ ಎಳೆದರೆ ನೋಟ ಸರಿಯುವುದು. ಫೋಟೊ, ಮ್ಯಾಪ್ ನೋಡಿ ಎಲ್ಲರ ಕೈಗೂ ಇದು ಕೂತುಬಿಟ್ಟಿದೆ. ಇದನ್ನು ಯಾವ ದಾರಿಯಲ್ಲೂ ಬದಲಿಸಬೇಡಿ. ವೆಬ್‌ನಲ್ಲಿ ತ್ರೀಡಿ ತೋರಿಸುವ ತ್ರೀ.ಜೆಎಸ್ ಎಂಬ ಕೋಡ್ ಲೈಬ್ರರಿ ಬಳಸುವವರಿಗೆ, ಅದರ ಜೊತೆ ಬರುವ ಆರ್ಬಿಟ್‌ಕಂಟ್ರೋಲ್ಸ್‌ನಲ್ಲಿ ಒಂದು ಬೆರಳಿಗೆ ತಿರುಗಿಸುವುದು, ಎರಡು ಬೆರಳಿಗೆ ಝೂಮ್ ಮತ್ತು ಸರಿಸುವುದು ಸಿದ್ಧವಾಗಿಯೇ ಸಿಗುತ್ತವೆ. ಉಳಿದ ಪ್ರಶ್ನೆ ಒಂದೇ: ಮಾಡೆಲ್ ಬದಲಿಸುವುದು ಹೇಗೆ?

ದಾರಿ ಒಂದು: ಮೋಡ್ ಬಟನ್

ಪರದೆಯ ಬದಿಯಲ್ಲಿ ನೋಡು, ಸರಿಸು, ತಿರುಗಿಸು, ಎಳೆ ಎಂದು ಬಟನ್‌ಗಳು. ಯಾವುದು ಒತ್ತಿದೆಯೋ ಒಂದು ಬೆರಳು ಆ ಕೆಲಸ ಮಾಡುತ್ತದೆ. ಕೋಡ್ ಸುಲಭ, ಎಂಥ ಅಗ್ಗದ ಟ್ಯಾಬ್‌ನಲ್ಲೂ ನಡೆಯುತ್ತದೆ, ಒಂದು ಕೈ ಸಾಕು, ಕಲಿಸುವುದೂ ಬೇಡ.

ತೊಂದರೆ ಇರುವುದು ಮರೆವಿನಲ್ಲಿ. ಸರಿಸುವ ಮೋಡ್ ಹಾಕಿಕೊಂಡು ಗಿರಾಕಿ ಜೊತೆ ಮಾತಾಡುತ್ತಾರೆ, ಆಮೇಲೆ ನೋಟ ತಿರುಗಿಸಲು ಹೋಗಿ ಹಲಗೆ ಸರಿಸುತ್ತಾರೆ. ಇದಕ್ಕೆ ಒಂದು ಮದ್ದು ಇದೆ. ಬದಲಾವಣೆ ಒಂದು ಮುಗಿದ ಕೂಡಲೇ ಆ್ಯಪ್ ತಾನಾಗಿಯೇ ನೋಡುವ ಮೋಡ್‌ಗೆ ಮರಳಲಿ. ಪದೇ ಪದೇ ಸರಿಸುವವರಿಗೆ ಇದರಿಂದ ಒತ್ತುವುದು ಜಾಸ್ತಿಯಾಗುತ್ತದೆ, ನಿಜ. ಕಪಾಟಿನ ಕೆಲಸಕ್ಕೆ ಆ ಬೆಲೆ ಕೊಡಬಹುದು. ಬಂಡೆಯ ಕೆಲಸಕ್ಕೆ ಆಗುವುದಿಲ್ಲ. ಅಲ್ಲಿ ಒತ್ತುವುದು, ತಿರುಗಿಸಿ ನೋಡುವುದು ನಿಮಿಷಕ್ಕೆ ಎಷ್ಟೋ ಸಲ ಅದಲು ಬದಲಾಗುತ್ತಿರುತ್ತದೆ.

ದಾರಿ ಎರಡು: ಮುಟ್ಟಿದ ಜಾಗವೇ ತೀರ್ಮಾನಿಸುವುದು

ಖಾಲಿ ಜಾಗದಲ್ಲಿ ಬೆರಳಿಟ್ಟು ಎಳೆದರೆ ನೋಟ ತಿರುಗುತ್ತದೆ. ವಸ್ತುವಿನ ಮೇಲೆ ಇಟ್ಟು ಎಳೆದರೆ ವಸ್ತು ಬದಲಾಗುತ್ತದೆ. ನೋಮ್ಯಾಡ್ ಸ್ಕಲ್ಪ್ಟ್‌ನಂಥ ಆ್ಯಪ್ ಬಳಸಿದವರಿಗೆ ಇದು ಗೊತ್ತು. ಬಂಡೆ, ಮುಖ, ಮೂರ್ತಿ ಮಾಡುವವರಿಗೆ ಇದಕ್ಕಿಂತ ಸಲೀಸಾದದ್ದು ನನಗೆ ಕಂಡಿಲ್ಲ. ಬಟನ್ ಹುಡುಕುವುದಿಲ್ಲ, ಕೈ ನಿಲ್ಲುವುದಿಲ್ಲ.

ಆದರೆ ಒಂದು ಕಡೆ ಇದು ಕೈಕೊಡುತ್ತದೆ. ಹತ್ತಿರಕ್ಕೆ ಝೂಮ್ ಮಾಡಿದಾಗ ಬಂಡೆ ಇಡೀ ಪರದೆ ತುಂಬುತ್ತದೆ, ಖಾಲಿ ಜಾಗವೇ ಉಳಿಯುವುದಿಲ್ಲ. ಆಗ ತಿರುಗಿಸುವುದು ಎಲ್ಲಿಂದ? ಪರದೆಯ ಮೂಲೆಯಲ್ಲಿ ಮೂರು ಅಕ್ಷಗಳ ದಿಕ್ಕು ತೋರಿಸುವ ಸಣ್ಣ ಗುಂಡು ಇಡಿ. ಅದರ ಮೇಲೆ ಎಳೆದರೆ ಯಾವಾಗಲೂ ನೋಟವೇ ತಿರುಗಲಿ. ಕಂಪ್ಯೂಟರ್‌ನ ತ್ರೀಡಿ ತಂತ್ರಾಂಶ ಬ್ಲೆಂಡರ್‌ನಲ್ಲಿ 2.80 ಆವೃತ್ತಿಯಿಂದ ನೋಟದ ಮೂಲೆಯಲ್ಲಿ ಇಂಥದ್ದೊಂದು ಇದೆ, ನೋಡಿ. ಅಂಚಿಗೆ ತೀರಾ ಹತ್ತಿರ ಇಡಬೇಡಿ, ಹಿಂದಕ್ಕೆ ಹೋಗುವ ಸನ್ನೆ ಅದನ್ನು ನುಂಗುತ್ತದೆ.

ಕಪಾಟಿನಂಥ ಕೆಲಸಕ್ಕೆ ಈ ದಾರಿ ಹಾಗೆಯೇ ಹಾಕಿದರೆ ಅಪಾಯ. ಬಾಗಿಲು, ಹಲಗೆ, ಡ್ರಾಯರ್ ತುಂಬಿದ ಮಾಡೆಲ್‌ನಲ್ಲಿ ಎಲ್ಲಿ ಮುಟ್ಟಿದರೂ ಏನೋ ಒಂದು ಕೈಗೆ ಹತ್ತುತ್ತದೆ. ಇಲ್ಲಿ ಒಂದು ಸಣ್ಣ ನಿಯಮ ದೊಡ್ಡ ಉಪಕಾರ ಮಾಡುತ್ತದೆ: ಮೊದಲು ಒಮ್ಮೆ ತಟ್ಟಿ ಆರಿಸಿದ ವಸ್ತು ಮಾತ್ರ ಎಳೆದಾಗ ಅಲುಗಾಡಲಿ. ಆರಿಸದೇ ಇರುವ ವಸ್ತು ಎಷ್ಟು ದೊಡ್ಡದಿದ್ದರೂ ಖಾಲಿ ಜಾಗದ ಲೆಕ್ಕ. ಈ ನಿಯಮ ಹಾಕಿದ ಮೇಲೆ ಎರಡನೇ ದಾರಿ ಕಪಾಟಿಗೂ ಹೊಂದುತ್ತದೆ. ಸಾಧಾರಣ ಬಜೆಟ್‌ನಲ್ಲಿ, ಪೆನ್ ಇಲ್ಲದ ಟ್ಯಾಬ್‌ಗೆ ಆ್ಯಪ್ ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ದಾರಿ ಮೂರು: ಪೆನ್ ಬರೆಯಲಿ, ಬೆರಳು ನೋಡಲಿ

ಪೆನ್ ತಾಗಿದರೆ ಗೆರೆ, ಆಯ್ಕೆ, ಎಳೆತ. ಬೆರಳು ತಾಗಿದರೆ ಬರೀ ನೋಟ. ಬುಡಾಪೆಸ್ಟ್‌ನಲ್ಲಿ ಹುಟ್ಟಿದ ಶೇಪರ್‌ತ್ರೀಡಿ ಎಂಬ ಮಾಡೆಲಿಂಗ್ ಆ್ಯಪ್ ಐಪ್ಯಾಡ್‌ನಲ್ಲಿ ಹೆಸರು ಮಾಡಿದ್ದು ಈ ಹಂಚಿಕೆಯಿಂದ. ತಪ್ಪಿನ ಬೆಲೆಯ ಲೆಕ್ಕದಲ್ಲಿ ಇದನ್ನು ಮೀರಿಸುವ ದಾರಿ ಇಲ್ಲ. ಬೆರಳಿನಿಂದ ಮಾಡೆಲ್ ಕೆಡಿಸುವುದು ಸಾಧ್ಯವೇ ಇಲ್ಲ. ಪೆನ್ನಿನ ತುದಿ ಸಣ್ಣದು, ಹಾಗಾಗಿ ನಿಖರತೆಯೂ ಜಾಸ್ತಿ. ಹರಿಹರದ ಕಂಬದ ಪಕ್ಕದ ಗೆರೆಯನ್ನು, ಆ ಉಬ್ಬು-ತಗ್ಗು, ಗಂಟು, ಕತ್ತು ಎಲ್ಲವನ್ನೂ ಬೆರಳಿನಲ್ಲಿ ಬರೆಯಲು ಹೋದರೆ ಸಾಕಾಗಿಹೋಗುತ್ತದೆ. ಪೆನ್ನಿನಲ್ಲಿ ಒಂದೇ ಓಟಕ್ಕೆ ಬರುತ್ತದೆ.

ಖರ್ಚಿನ ಕಡೆ ಹುಷಾರಾಗಿರಿ. ಮೊಬೈಲ್ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ರಬ್ಬರ್ ತುದಿಯ ಸ್ಟೈಲಸ್ ಈ ದಾರಿಗೆ ಆಗುವುದಿಲ್ಲ. ಟ್ಯಾಬ್‌ಗೆ ಅದು ಇನ್ನೊಂದು ಬೆರಳು ಅಷ್ಟೇ, ಪೆನ್ ಎಂದು ಗುರುತು ಸಿಗುವುದೇ ಇಲ್ಲ. ಗುರುತು ಸಿಗಬೇಕಾದರೆ ಟ್ಯಾಬ್‌ನೊಳಗೇ ಪೆನ್ನಿಗೆ ಬೆಂಬಲ ಇರಬೇಕು. ಗ್ಯಾಲಕ್ಸಿ ಟ್ಯಾಬ್ ಎಸ್6 ಲೈಟ್‌ನಂಥ ಕೆಲವು ಟ್ಯಾಬ್‌ಗಳ ಪೆಟ್ಟಿಗೆಯಲ್ಲೇ ಪೆನ್ ಬರುತ್ತದೆ. ಐಪ್ಯಾಡ್‌ಗೆ ಆ್ಯಪಲ್ ಪೆನ್ಸಿಲ್ ಬೇರೆಯಾಗಿ ಕೊಳ್ಳಬೇಕು. ಕೋಡ್ ಬರೆಯುವವರಿಗೆ ಕೆಲಸ ಕಷ್ಟವಿಲ್ಲ. ಆಂಡ್ರಾಯ್ಡ್, ವೆಬ್ ಎರಡರಲ್ಲೂ ಪ್ರತಿ ಸ್ಪರ್ಶದ ಜೊತೆಗೆ ಅದು ಪೆನ್ನೋ ಬೆರಳೋ ಎನ್ನುವ ಮಾಹಿತಿ ಬರುತ್ತದೆ.

ಇನ್ನೊಂದು ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಿ: ಪೆನ್ ಕಳೆದುಹೋದ ದಿನ ಏನು ಮಾಡುತ್ತಾರೆ? ಕಾಲೇಜಿನ ಲ್ಯಾಬ್‌ನಲ್ಲಿ, ನಾಲ್ಕು ಜನ ಒಂದು ಟ್ಯಾಬ್ ಹಂಚಿಕೊಳ್ಳುವ ಅಂಗಡಿಯಲ್ಲಿ ಆ ದಿನ ಬಂದೇ ಬರುತ್ತದೆ. ಪೆನ್ ಇಲ್ಲದಿದ್ದಾಗ ಎರಡನೇ ದಾರಿಗೆ ಬದಲಾಗುವ ಸೆಟ್ಟಿಂಗ್ ಒಂದು ಇಟ್ಟಿರಿ.

ದಾರಿ ನಾಲ್ಕು: ಮೂರು ಬೆರಳಲ್ಲಿ ನೇರವಾಗಿ ಹಿಡಿಯುವುದು

ವಸ್ತುವನ್ನು ಎರಡು-ಮೂರು ಬೆರಳಲ್ಲಿ ಹಿಡಿದು ಆರೂ ಬಗೆಯಲ್ಲಿ ಒಟ್ಟಿಗೆ ಆಡಿಸುವುದು. ಡೆಮೊದಲ್ಲಿ ನೋಡಲು ಇದರಷ್ಟು ಚೆಂದದ್ದು ಇನ್ನೊಂದಿಲ್ಲ, ಹಾಗಾಗಿ ಪ್ರಾಜೆಕ್ಟ್ ಮಾಡುವವರಿಗೆ ಇದರ ಸೆಳೆತ ಜಾಸ್ತಿ.

ಇದರ ಪರವಾಗಿ ಗಟ್ಟಿ ಸಾಕ್ಷಿಯೂ ಇದೆ. 2007ರಲ್ಲಿ ಹ್ಯಾನ್‌ಕಾಕ್, ಕಾರ್ಪೆಂಡೇಲ್, ಕಾಕ್‌ಬರ್ನ್ ಎಂಬ ಸಂಶೋಧಕರು ಒಂದು, ಎರಡು, ಮೂರು ಸ್ಪರ್ಶದ ವಿಧಾನಗಳನ್ನು ಜನರಿಂದ ಮಾಡಿಸಿ ಹೋಲಿಸಿದರು. ಮೂರು ಸ್ಪರ್ಶದ ವಿಧಾನವೇ ಬೇಗವೂ ಆಯಿತು, ನಿಖರವೂ ಆಯಿತು, ಜನರಿಗೂ ಅದೇ ಇಷ್ಟವಾಯಿತು. ಇದನ್ನು ಓದಿ ಹಲವರು ಮೂರು ಬೆರಳಿಗೆ ಜೈ ಎನ್ನುತ್ತಾರೆ. ಆದರೆ ಅದು ನಡೆದದ್ದು ಮೇಜಿನಷ್ಟು ದೊಡ್ಡ ಪರದೆಯ ಮೇಲೆ, ಎರಡೂ ಕೈ ಬಿಡುವಾಗಿದ್ದಾಗ, ಹೆಚ್ಚು ಆಳವಿಲ್ಲದ ತ್ರೀಡಿ ಜಾಗದಲ್ಲಿ. ಕೈಯಲ್ಲಿ ಹಿಡಿದ ಹತ್ತು ಇಂಚಿನ ಟ್ಯಾಬ್‌ನಲ್ಲಿ ಮೂರು ಬೆರಳಿಟ್ಟರೆ ಮಾಡೆಲ್ ಅರ್ಧ ಮುಚ್ಚಿಹೋಗುತ್ತದೆ.

ನಿಖರವಾದ ಕೆಲಸಕ್ಕೆ ಇನ್ನೂ ಒಂದು ತೊಡಕು ಇದೆ. ಎಲ್ಲ ಚಲನೆಯೂ ಒಟ್ಟಿಗೆ ಬಂದಾಗ ಒಂದನ್ನು ಮಾತ್ರ ಮಾಡುವುದು ಕಷ್ಟ. ಹಲಗೆಯನ್ನು ಸರಿಸಲು ಹೋದರೆ ಸ್ವಲ್ಪ ತಿರುಗಿಯೂ ಬಿಡುತ್ತದೆ. 2009ರಲ್ಲಿ ನಸೆಂಟಾ ಮತ್ತು ಜೊತೆಗಾರರು ಈ ತೊಂದರೆಯನ್ನೇ ಅಧ್ಯಯನ ಮಾಡಿ, ಬೇಡದ ಚಲನೆಯನ್ನು ಸೋಸುವ ಉಪಾಯಗಳನ್ನು ಹೋಲಿಸಿದ್ದಾರೆ. ಮಾಡಲು ಸುಲಭವಾದ ಒಂದು ಉಪಾಯ ಹೀಗಿದೆ: ಸನ್ನೆ ಶುರುವಾದಾಗ ಯಾವ ಚಲನೆ ಮೊದಲು ಒಂದು ಮಿತಿ ದಾಟುತ್ತದೋ ಅದೊಂದನ್ನೇ ನಡೆಯಲು ಬಿಡಿ, ಬೆರಳು ಎತ್ತುವವರೆಗೂ ಉಳಿದವನ್ನು ತಡೆಯಿರಿ.

ಮ್ಯೂಸಿಯಂ, ವಸ್ತುಪ್ರದರ್ಶನದಲ್ಲಿ ದೊಡ್ಡ ಪರದೆ ಇಟ್ಟು ಜನರಿಂದ ಮಾಡೆಲ್ ಆಡಿಸುವ ಯೋಚನೆ ಇದ್ದರೆ ಈ ದಾರಿ ಹಿಡಿಯಿರಿ. ಅಲ್ಲಿ ಅಳತೆಯ ಚಿಂತೆ ಇಲ್ಲ. ಪರದೆ ಕೊಳ್ಳುವ ಮುಂಚೆ ಅದು ಎಷ್ಟು ಸ್ಪರ್ಶ ಒಟ್ಟಿಗೆ ಹಿಡಿಯುತ್ತದೆ ಎಂದು ಕೈಯಿಟ್ಟೇ ಪರೀಕ್ಷಿಸಿ. ಇನ್‌ಫ್ರಾರೆಡ್ ಚೌಕಟ್ಟಿನ ಪರದೆಗಳಲ್ಲಿ ಹತ್ತಿರ ಇಟ್ಟ ಎರಡು ಬೆರಳು ಒಂದೇ ಎಂದು ಕಾಣಬಹುದು, ಅಂಗಿಯ ತೋಳು ತಾಗಿದರೂ ಸ್ಪರ್ಶ ಆಗಬಹುದು.

ದಾರಿ ಐದು: ಒಂದು ಕೈ ಒತ್ತಿ ಹಿಡಿಯುವುದು

ಎಡಗೈ ಹೆಬ್ಬೆರಳು ಬದಿಯ ಬಟನ್ ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಬಲಗೈ ಬೆರಳು ವಸ್ತುವನ್ನು ಬದಲಿಸುತ್ತದೆ. ಹೆಬ್ಬೆರಳು ಎತ್ತಿದರೆ ಮತ್ತೆ ನೋಟ. ಮೊದಲ ದಾರಿಯ ಮರೆವಿನ ತೊಂದರೆ ಇಲ್ಲಿ ಇಲ್ಲ, ಒತ್ತಿರುವುದು ಕೈಗೇ ಗೊತ್ತಿರುತ್ತದೆ. ಕಂಪ್ಯೂಟರ್‌ನಲ್ಲಿ ಶಿಫ್ಟ್ ಹಿಡಿದು ಕೆಲಸ ಮಾಡಿ ಅಭ್ಯಾಸ ಇರುವವರು ಬೇಗ ಒಗ್ಗಿಕೊಳ್ಳುತ್ತಾರೆ. ಮೇಜಿನ ಮೇಲೆ ಟ್ಯಾಬ್ ಇಟ್ಟು ದಿನವಿಡೀ ಡ್ರಾಯಿಂಗ್ ಮಾಡುವವರಿಗೆ ಒಳ್ಳೆಯದು. ಹೊಸಬರಿಗೆ ತಾನಾಗಿ ಹೊಳೆಯುವುದಿಲ್ಲ, ನಿಂತು ಕೆಲಸ ಮಾಡುವವರಿಗೆ ಆಗುವುದಿಲ್ಲ. ಎಡಗೈಯವರಿಗೆ ಬಟನ್ ಇನ್ನೊಂದು ಬದಿಗೆ ಹಾಕಿಕೊಳ್ಳಲು ಅವಕಾಶ ಕೊಡಿ.

ಯಾವ ದಾರಿಗೂ ಬೇಕಾದ ಕೆಲವು

ಅಳತೆಯ ಕೆಲಸ ಇದ್ದರೆ ವಸ್ತುವನ್ನು ನೇರವಾಗಿ ಎಳೆಯಲು ಬಿಡಬೇಡಿ. ಆರಿಸಿದ ವಸ್ತುವಿನ ಮೇಲೆ ಮೂರು ಬಣ್ಣದ ಬಾಣ ತೋರಿಸಿ. ಕೆಂಪು ಹಿಡಿದರೆ ಆ ದಿಕ್ಕಿಗೆ ಮಾತ್ರ ಸರಿಯಲಿ. ಬಾಣ ಕಣ್ಣಿಗೆ ತೆಳ್ಳಗಿರಲಿ, ಮುಟ್ಟುವ ಜಾಗ 9 ಎಂಎಂ ಇರಲಿ. ಎಳೆಯುವಾಗ ಎಷ್ಟು ಸರಿಯಿತು ಎನ್ನುವ ಅಂಕಿ ಬೆರಳಿನ ಮೇಲ್ಭಾಗದಲ್ಲಿ ಕಾಣಲಿ, ಅದನ್ನು ತಟ್ಟಿದರೆ ಅಂಕಿ ಟೈಪ್ ಮಾಡಲು ಬರಲಿ. ಕಪಾಟಿನವರು ಕೊನೆಗೆ ನಂಬುವುದು ಟೈಪ್ ಮಾಡಿದ ಅಂಕಿಯನ್ನೇ.

ನೋಟ ತಿರುಗಿಸುವುದರಲ್ಲೂ ಎರಡು ಬಗೆ ಇದೆ. ಒಂದರಲ್ಲಿ ಮೇಲಿನದು ಯಾವಾಗಲೂ ಮೇಲೇ ಇರುತ್ತದೆ. ಬ್ಲೆಂಡರ್‌ನಲ್ಲಿ ಇದಕ್ಕೆ ಟರ್ನ್‌ಟೇಬಲ್ ಎನ್ನುತ್ತಾರೆ. ಇನ್ನೊಂದು ಟ್ರ್ಯಾಕ್‌ಬಾಲ್, ಯಾವ ಕಡೆಗೆ ಬೇಕಾದರೂ ಉರುಳುತ್ತದೆ. ಕೆನ್ ಶೂಮೇಕ್ 1992ರಲ್ಲಿ ಕೊಟ್ಟ ಆರ್ಕ್‌ಬಾಲ್ ಇದೇ ಜಾತಿಗೆ ಸೇರಿದ್ದು. ಕಪಾಟು, ಕಂಬ, ಕಟ್ಟಡಕ್ಕೆ ಟರ್ನ್‌ಟೇಬಲ್. ಬಂಡೆ, ಆಭರಣಕ್ಕೆ ಟ್ರ್ಯಾಕ್‌ಬಾಲ್. ಕಪಾಟು ಪರದೆಯಲ್ಲಿ ಓರೆಯಾಗಿ ನಿಂತರೆ ಗಿರಾಕಿಗೆ ಗಲಿಬಿಲಿ ಆಗುತ್ತದೆ.

ಅನ್‌ಡೂಗೆ ಎರಡು ಬೆರಳಿನಿಂದ ಒಮ್ಮೆ ತಟ್ಟುವುದು ಐಪ್ಯಾಡ್‌ನ ಚಿತ್ರ ಬರೆಯುವ ಆ್ಯಪ್ ಪ್ರೊಕ್ರಿಯೇಟ್ ಬಳಸಿದವರಿಗೆಲ್ಲ ಗೊತ್ತು, ಅದನ್ನೇ ಇಡಿ. ಗೊತ್ತಿಲ್ಲದವರಿಗೆ ಬಟನ್ ಕೂಡ ಇರಲಿ.

ಹಾಗಾದರೆ ಯಾರಿಗೆ ಯಾವುದು

ಬಡಗಿ, ಇಂಟೀರಿಯರ್ ಅಂಗಡಿ, ಸಾಧಾರಣ ಆಂಡ್ರಾಯ್ಡ್ ಟ್ಯಾಬ್ ಆದರೆ ಎರಡನೇ ದಾರಿ. ಆರಿಸಿದ್ದು ಮಾತ್ರ ಅಲುಗಾಡುವ ನಿಯಮ, ಬಣ್ಣದ ಬಾಣ, ಟರ್ನ್‌ಟೇಬಲ್ ಜೊತೆಗಿರಲಿ. ಬಳಸುವವರು ತೀರಾ ಹೊಸಬರಾದರೆ, ಅಥವಾ ಪ್ರಾಜೆಕ್ಟ್ ಮುಗಿಸಲು ಸಮಯ ಕಡಿಮೆ ಇದ್ದರೆ ಮೊದಲನೆಯದೂ ಸಾಕು, ತಾನಾಗಿ ಮರಳುವ ಮೋಡ್ ಮರೆಯಬೇಡಿ. ಗುಡಿಗಳ ಕಂಬ, ಕಮಾನು, ಸಂತೇಬೆನ್ನೂರು ಪುಷ್ಕರಣಿಯ ಮಂಟಪದಂಥದ್ದನ್ನು ಮಾಡೆಲ್ ಮಾಡುವ ವಿದ್ಯಾರ್ಥಿಗಳಿಗೆ, ಪೆನ್ ಟ್ಯಾಬ್‌ಗೆ ಹಣ ಹೊಂದಿಸಲು ಆಗುವುದಾದರೆ, ಮೂರನೆಯದು. ತಂಡದಲ್ಲಿ ಒಂದೇ ಪೆನ್ ಟ್ಯಾಬ್ ಇದ್ದರೂ ಸಾಕು, ಗೆರೆ ಬರೆಯುವುದು ಅದರಲ್ಲಿ, ನೋಡುವುದು ಉಳಿದವುಗಳಲ್ಲಿ. ಮೂರ್ತಿ, ಬಂಡೆಯಂಥ ಆಕಾರಕ್ಕೆ ಎರಡನೆಯದು ಟ್ರ್ಯಾಕ್‌ಬಾಲ್ ಜೊತೆ.

ಎರಡು ದಾರಿಗಳ ನಡುವೆ ಇನ್ನೂ ಹೊಯ್ದಾಟ ಇದ್ದರೆ ಎರಡನ್ನೂ ಕಚ್ಚಾ ರೂಪದಲ್ಲಿ ಕಟ್ಟಿ ಜನರ ಕೈಗೆ ಕೊಡಿ. ಅರ್ಧ ಜನರಿಗೆ ಒಂದನ್ನು ಮೊದಲು, ಇನ್ನರ್ಧ ಜನರಿಗೆ ಇನ್ನೊಂದನ್ನು ಮೊದಲು. ಹೀಗೆ ಮಾಡದಿದ್ದರೆ ಎರಡನೆಯದಾಗಿ ಕೊಟ್ಟದ್ದೇ ಯಾವಾಗಲೂ ಸುಲಭ ಎನಿಸುತ್ತದೆ. ಒಂದು ಹಲಗೆಯನ್ನು ಇಂತಿಷ್ಟು ಸರಿಸಿ, ಹಿಂದಿನ ಬದಿ ನೋಡಿ, ಬಾಗಿಲ ಅಗಲ ಬದಲಿಸಿ ಎನ್ನುವಂಥ ಕೆಲಸ ಕೊಡಿ, ಸನ್ನೆ ಮಾತ್ರ ಹೇಳಿಕೊಡಬೇಡಿ. ಮೊದಲು ಬೆರಳು ಎಲ್ಲಿಗೆ ಹೋಯಿತು ನೋಡಿ. ಎಷ್ಟು ಸಲ ಅನ್‌ಡೂ ಒತ್ತಿದರು ಎಂದು ಆ್ಯಪ್‌ನಲ್ಲೇ ಲೆಕ್ಕ ಇಡಿ. ಕೆಲಸ ಮುಗಿದ ಮೇಲೆ, ಮುಟ್ಟಲೇಬಾರದಿದ್ದ ಹಲಗೆಗಳ ಅಳತೆಯನ್ನು ಶುರುವಿನ ಅಳತೆಯ ಜೊತೆ ಹೋಲಿಸಿ. ಅವು ಯಾವ ದಾರಿಯಲ್ಲಿ ಕಡಿಮೆ ಬದಲಾಗಿವೆಯೋ ಅದನ್ನೇ ಆರಿಸಿಕೊಳ್ಳಿ, ಸ್ವಲ್ಪ ನಿಧಾನವಾದರೂ ಸರಿ.